ಇನ್ನೂರು ಗಂಟೆಯ ವೈರು

ಆ ಶನಿವಾರ ಚಕ್ರಪಾಣಿ ಎದ್ದಿದ್ದೇ ಸಿಟ್ಟಿನಲ್ಲಿ. ಕಾರಣ, ಮೂರು ಮೀಟರ್ ಸ್ಪೀಕರ್ ವೈರು.

ಜಯನಗರದ ಅಂಗಡಿಯ ರವಿಕುಮಾರ ಆ ವೈರು ಮಾರುವಾಗ ಹೇಳಿದ್ದ: "ಹೊಸ ವೈರು ಹೊಸ ಚಪ್ಪಲಿ ಇದ್ದ ಹಾಗೆ ಸಾರ್, ಪಳಗ್ಬೇಕು. ಈ ಸಿ.ಡಿ. ಹಾಕಿ ಇನ್ನೂರು ಗಂಟೆ ಬಿಡದೆ ಓಡ್ಸಿ. ಮಧ್ಯ ನಿಲ್ಸಿದ್ರೆ ಮತ್ತೆ ಮೊದಲಿಂದ. ಆಮೇಲೆ ವೀಣೆ ಕೇಳಿ ನೋಡಿ, ವೈಣಿಕರು ನಿಮ್ಮ ಸೋಫಾ ಮೇಲೇ ಕೂತಿರ್ತಾರೆ." ಹೀಗೆ ಹೇಳಿದವನನ್ನು ಅಲ್ಲೇ ಬೈದು ಬರುವುದು ಬಿಟ್ಟು, ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಸರ್ವೀಸಾದ ಮನುಷ್ಯ ತಲೆಯಾಡಿಸಿ ವೈರು ತಂದ. ಸಿ.ಡಿ.ಯಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ. ಬರೀ "ಊಂ" ಎನ್ನುವ ಒಂದೇ ಸದ್ದು.

ಬ್ಯಾಂಕಿನಲ್ಲಿ ಪಕ್ಕದ ಮೇಜಿನ ಶ್ರೀಕರ್ ಬಿದ್ದು ಬಿದ್ದು ನಕ್ಕ. "ಇನ್ನೂರು ಗಂಟೆ ಊಂ ಅಂದ್ರೆ ತಾಮ್ರ ಬದಲಾಗುತ್ತಾ ಸಾರ್? ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ." ಶಾಖೆಯೆಲ್ಲ ನಕ್ಕಿತು. ಚಕ್ರಪಾಣಿಗೆ ಮೈಯೆಲ್ಲ ಉರಿದುಹೋಯಿತು. "ಮುಂದಿನ ವಾರ ಶನಿವಾರ ಸಂಜೆ ಆರಕ್ಕೆ ಮನೆಗೆ ಬಾ. ಹಳೇ ವೈರಲ್ಲೂ ಹೊಸ ವೈರಲ್ಲೂ ಅದೇ ವೀಣೆ ಕೇಳಿಸ್ತೀನಿ. ವ್ಯತ್ಯಾಸ ಗೊತ್ತಾಗಲಿಲ್ಲ ಅಂದ್ರೆ ಎಲ್ಲರ ಮುಂದೆ ನಾನೇ ದಡ್ಡ ಅಂತ ಒಪ್ಕೋತೀನಿ" ಎಂದು ಸವಾಲು ಹಾಕಿದ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಸಿ.ಡಿ. ಶುರುವಾಯಿತು. ಕರೆಂಟು ಹೋದರೆ ಇರಲಿ ಎಂದು ಒಂದು ಯು.ಪಿ.ಎಸ್. ಕೂಡ ಬಂತು.

ನಾಲ್ಕನೇ ದಿನ ಮಹಡಿ ಮೇಲಿನ ಮನೆ ಮಾಲೀಕ ನೀಲಕಂಠಪ್ಪ ಇಳಿದು ಬಂದರು. "ಏನಮ್ಮಾ ಇದು, ಹಗಲೂ ರಾತ್ರಿ ಊಂ ಅಂತ? ನಿಲ್ಸಿ, ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಗಂಡ ಬ್ಯಾಂಕಿಗೆ ಹೋಗಿದ್ದ. ವೈರು ಪಳಗಿಸುತ್ತಿದ್ದಾರೆ ಎಂದು ಹೇಳಲು ಪಂಕಜಾಗೆ ನಾಚಿಕೆಯಾಯಿತು. "ಅಖಂಡ ಓಂಕಾರ ಸಾರ್. ನಮ್ಮೆಜಮಾನ್ರು ಇನ್ನೂರು ಗಂಟೆ ಸಂಕಲ್ಪ ಮಾಡಿದಾರೆ" ಎಂದುಬಿಟ್ಟಳು. ನೀಲಕಂಠಪ್ಪನವರು ಹೊಸಿಲಲ್ಲೇ ಚಪ್ಪಲಿ ಬಿಟ್ಟು, ಕೈಮುಗಿದು, ಹಿಮ್ಮುಖವಾಗಿ ಮೆಟ್ಟಿಲು ಹತ್ತಿದರು. ಬನಶಂಕರಿ ಎರಡನೇ ಹಂತದ ಆ ರಸ್ತೆಗೆಲ್ಲ ಸುದ್ದಿ ಮುಟ್ಟಲು ಇನ್ನೇನು ಬೇಕು?

ಚಕ್ರಪಾಣಿಗೆ ಇದು ಗೊತ್ತಾದದ್ದು ಈ ಶನಿವಾರ, ಕೊನೆಯ ದಿನ, ರಜೆ ಹಾಕಿ ವೈರಿಗೆ ಕಾವಲು ಕೂತಾಗ. ಒಂಬತ್ತಕ್ಕೇ ಅಕ್ಕಪಕ್ಕದ ಹೆಂಗಸರು ಹೂವು ಹಣ್ಣು ಹಿಡಿದು ಬಂದು ಹಾಲಿನಲ್ಲಿ ಜಮಖಾನ ಹಾಸಿದರು.

"ಯಾರೇ ಇವರೆಲ್ಲ?" ಎಂದು ಅಡುಗೆಮನೆಗೆ ನುಗ್ಗಿದ. ಪಂಕಜಾ ಒಗ್ಗರಣೆ ಕೆದಕುತ್ತ ಎಲ್ಲ ಹೇಳಿದಳು. "ನಾನು ಹಾಗೆ ಹೇಳ್ದೆ ಇದ್ದಿದ್ರೆ ಇವತ್ತು ಬೀದೀಲಿರ್ತಿದ್ವಿ. ಸಂಜೆ ಆರರ ತನಕ ಸುಮ್ನಿರಿ."

ಸುಮ್ಮನಿರುವುದು ಹೇಗೆ? ಪಾರವ್ವ ಎಂಬಾಕೆ ಆಂಪ್ಲಿಫೈಯರಿಗೆ ಅರಿಶಿನ ಕುಂಕುಮ ಹಚ್ಚಿದಳು. ಇನ್ನೊಬ್ಬಾಕೆ ಸ್ಪೀಕರಿನ ಜಾಲರಿಗೆ ಸೇವಂತಿಗೆ ಸಿಕ್ಕಿಸಿದಳು. ಹನ್ನೆರಡಕ್ಕೆ ಕರೆಂಟು ಹೋಗಿ ಯು.ಪಿ.ಎಸ್. ಕಿರುಚಿತು, ಹೆಂಗಸರು ಅದಕ್ಕೂ ಕೈಮುಗಿದರು. ಮೂರಕ್ಕೆ ಯಾರೋ ಟೀಪಾಯಿ ಮೇಲೆ ಕಾಯಿ ಒಡೆದರು. ನೀರು ವೈರಿನ ಕಡೆ ಹರಿಯಿತು. ಚಕ್ರಪಾಣಿ ನೆಲಕ್ಕೆ ಬಿದ್ದು ತನ್ನ ಶರ್ಟಿನಲ್ಲೇ ಒರೆಸಿದ. "ತಲೆ ನೆಟ್ಟಗಿದೆಯೇನ್ರೀ ನಿಮಗೆಲ್ಲ?" ಎಂದು ಕೂಗಿದ.

"ಸಾಷ್ಟಾಂಗ ಹಾಕಿದ್ರು ನೋಡ್ರೀ. ವ್ರತದಲ್ಲಿರೋರಿಗೆ ಸಿಟ್ಟು ಜಾಸ್ತಿ" ಎಂದಳು ಪಾರವ್ವ, ಭಕ್ತಿಯಿಂದ. ಅವನಿಗೆ ಅಳು ಬರುವಷ್ಟು ಕೋಪ ಬಂತು.

ಆರಕ್ಕೆ ಹತ್ತು ನಿಮಿಷವಿರುವಾಗ ಶ್ರೀಕರ್ ಬಂದ. ಹೊಸಿಲ ಹೊರಗೆ ಇಪ್ಪತ್ತೈದು ಜೊತೆ ಚಪ್ಪಲಿ ಕಂಡು ಯಾರಾದರೂ ಹೋಗಿಬಿಟ್ಟರೋ ಎಂದು ಹೆದರಿದ. ಚಕ್ರಪಾಣಿ ಅವನನ್ನು ಎಳೆದು ಕೂರಿಸಿದ. "ಇನ್ನು ಹತ್ತೇ ನಿಮಿಷ. ಆಮೇಲೆ ನೋಡ್ತೀಯಂತೆ ಯಾರು ದಡ್ಡ ಅಂತ." ವೀಣೆಯ ಸಿ.ಡಿ.ಯನ್ನು ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತ ನಿಂತ.

ಆರು ಹೊಡೆಯಿತು. ಅವನು ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ನೀಲಕಂಠಪ್ಪನವರು ದಡದಡನೆ ಇಳಿದು ಬಂದು ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. "ಮಗ ಫೋನ್ ಮಾಡಿದ್ದ. ಪಟ್ಟಿ ಹಾಕಿದಾರಂತೆ. ನಾಲ್ಕು ಸಲ ಅರ್ಜಿ ಹಾಕಿ ಬರದ ಸೈಟು ಐದನೇ ಸಲಕ್ಕೆ ಬಂತು ಚಕ್ರಪಾಣಿಯವರೇ. ನಿಮ್ಮ ಓಂಕಾರದ ಪುಣ್ಯ."

"ಸಂತೋಷ ಸಾರ್. ಕೈ ಬಿಡಿ, ಇದನ್ನ ನಿಲ್ಲಿಸ್ಬೇಕು."

"ನಿಲ್ಲಿಸೋದಾ? ಇನ್ನೂ ಖಾತೆ ಆಗ್ಬೇಕು, ಪ್ಲಾನ್ ಪಾಸಾಗ್ಬೇಕು, ಬೋರ್‌ವೆಲ್‌ನಲ್ಲಿ ನೀರು ಬೀಳ್ಬೇಕು. ನಿಲ್ಸಿದ್ರೆ ನಾಳೇನೇ ಮನೆ ಖಾಲಿ ಮಾಡಿ."

"ನನ್ನ ಮಗಳ ಮದುವೆ ಆದ್ಮೇಲೆ ನಿಲ್ಸೋರಂತೆ ಬಿಡಿ" ಎಂದಳು ಪಾರವ್ವ. ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಅಹವಾಲು ಹೇಳತೊಡಗಿದರು.

ಚಕ್ರಪಾಣಿಯ ತಾಳ್ಮೆ ಹರಿದುಹೋಯಿತು. "ಓಂಕಾರನೂ ಇಲ್ಲ, ಮಣ್ಣೂ ಇಲ್ಲ ಕಣ್ರೀ. ಇದು ವೈರು ಪಳಗ್ಸೋ ಸದ್ದು. ಇನ್ನೂರು ಗಂಟೆ ಓಡ್ಸಿದ್ರೆ ವೈರು ಚೆನ್ನಾಗಿ ಹಾಡುತ್ತೆ, ಅಷ್ಟೇ."

ಮೊದಲು ನಕ್ಕಿದ್ದು ನೀಲಕಂಠಪ್ಪನವರು. "ವೈರು ಪಳಗುತ್ತಾ? ಇದನ್ನ ಯಾವ ಬುದ್ಧಿ ಇರೋನು ನಂಬ್ತಾನೆ? ದೊಡ್ಡ ಸಾಧಕರು ಹೀಗೇ, ಹೊರಗೆ ತೋರಿಸ್ಕೊಳ್ಳಲ್ಲ."

ಚಕ್ರಪಾಣಿ ಕೊನೆಗೆ ಶ್ರೀಕರನ ಕಡೆ ತಿರುಗಿದ. "ನಿನಗೆ ಗೊತ್ತಲ್ಲಪ್ಪ, ನೀನಾದ್ರೂ ಹೇಳು ಇವರಿಗೆ."

ಶ್ರೀಕರ್ ನೀಲಕಂಠಪ್ಪನವರ ಒದ್ದೆ ಕಣ್ಣು ನೋಡಿದ. ಹೂ ಮುಡಿದ ಸ್ಪೀಕರ್ ನೋಡಿದ. ನಿಧಾನವಾಗಿ ಸಾಕ್ಸ್ ಬಿಚ್ಚಿ, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ದನಿ ತಗ್ಗಿಸಿ ಕೇಳಿದ.

"ಸಾರ್, ನನ್ನ ಪ್ರಮೋಷನ್ನು ಮೂರು ವರ್ಷದಿಂದ ನಿಂತಿದೆ. ನನ್ನ ಹೆಸರಲ್ಲಿ ಯಾವಾಗ ಶುರು ಮಾಡ್ತೀರಾ?"