ಮೂರನೆಯ ಬಟ್ಟಲಿನ ತನಕ

ಕೆಲವರಿಗೆ ಸುಮ್ಮನೆ ಕೂರುವ ವಿದ್ಯೆ ಹುಟ್ಟುವಾಗಲೇ ಬಂದಿರುತ್ತದೆ. ನನಗೆ ಬರಲಿಲ್ಲ. ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ, ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ವಾರ್ಡಿನಲ್ಲಿ ಕೂತಿರುವವರು ಒಂದೋ ರೋಗಿಗಳು, ಇಲ್ಲವೇ ಕೆಲಸಗಳ್ಳರು ಎಂದು ನಮ್ಮ ಹಿರಿಯ ಸಿಸ್ಟರ್ ಕಲಿಸಿದ್ದರು. ನಾನು ರೋಗಿಯಲ್ಲದ್ದರಿಂದ ಕೂರಲಿಲ್ಲ. ಇವತ್ತಿಗೂ ಕಾಫಿಯನ್ನು ಅಡಿಗೆಮನೆಯ ಕಟ್ಟೆಯ ಪಕ್ಕ ನಿಂತೇ ಕುಡಿಯುತ್ತೇನೆ. ಡಿಕಾಕ್ಷನ್ನಿನ ಘಮ ಇನ್ನೂ ಗಾಳಿಯಲ್ಲಿರುವಾಗಲೇ ಲೋಟ ತೊಳೆದು ಬೋರಲು ಹಾಕಿರುತ್ತೇನೆ. ಬೇರೆಯವರ ಮನೆಗೆ ಹೋದರೂ ಅಷ್ಟೇ. ಕೊಟ್ಟದ್ದನ್ನು ಕುಡಿದು, ಚೆನ್ನಾಗಿತ್ತು ಎಂದು ಹೇಳಿ ಎದ್ದುಬಿಡುವುದೇ ಮರ್ಯಾದೆ; ಬಂದವರು ಬೇಗ ಎದ್ದರೆ ಮನೆಯವರಿಗೆ ಉಪಕಾರ ಎಂದು ನಂಬಿದ್ದೆ. ನನ್ನ ಈ ಮರ್ಯಾದೆಯಿಂದಲೇ ಒಂದು ಕುಟುಂಬದ ತಾಯಿ ಮಗಳು ದೇಶ ಬಿಟ್ಟು ಹೋಗುವುದರಲ್ಲಿದ್ದರು.

ಲಿಂಗರಾಜಪುರದ ಒಂದು ಅಡ್ಡರಸ್ತೆಯಲ್ಲಿ ನನ್ನ ಮನೆ. ಕೆಳಗೆ ನಾನು, ಮೇಲೆ ಬಾಡಿಗೆಯವರು. ಹೋದ ವರ್ಷ ಮೇಲಿನ ಮನೆಗೆ ಇಥಿಯೋಪಿಯದಿಂದ ಒಂದು ಸಂಸಾರ ಬಂತು. ಗಂಡ ದಾವಿತ್, ಬೈಯಪ್ಪನಹಳ್ಳಿಯಿಂದ ಮೆಟ್ರೊ ಹಿಡಿದು ವೈಟ್‌ಫೀಲ್ಡ್ ಕಡೆಗೆ ಸಂಶೋಧನೆಯ ಕೆಲಸಕ್ಕೆ ಹೋಗುವ ಮಿದು ಮಾತಿನ ಮನುಷ್ಯ. ಹೆಂಡತಿ ಅಲ್ಮಾಜ್. ಶಾಲೆಗೆ ಹೋಗುವ ಒಬ್ಬಳು ಮಗಳು. ಸಾಮಾನು ಇಳಿಯುತ್ತಿರುವಾಗಲೇ ಪಕ್ಕದ ಮನೆಯ ಪದ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು.

"ಸರೋಜಕ್ಕ, ನಿಮ್ಮ ರೂಲ್ಸೆಲ್ಲ ಇವ್ರ ಕೈಲಿ ಆಗತ್ತಾ? ನಮ್ಮ ಕೈಲೇ ಆಗಲ್ಲ."

"ಆಗತ್ತಾ ಅಂತ ನಾನು ಯಾರನ್ನೂ ಕೇಳಲ್ಲ ಪದ್ಮ. ಮಾಡಿಸ್ತೀನಿ."

ಮಾಡಿಸಿದೆ. ಹಸಿ ಕಸ, ಒಣ ಕಸ, ಗೇಟಿನ ಚಿಲಕ, ಮೆಟ್ಟಿಲ ಬುಡದಲ್ಲಿರುವ ಮೋಟರ್ ಸ್ವಿಚ್ಚು, ಎಲ್ಲವನ್ನೂ ಮೊದಲ ದಿನವೇ ಕೈಹಿಡಿದು ತೋರಿಸಿದೆ. ಸಂಪಿನ ನೀರು ಟ್ಯಾಂಕಿಗೆ ಏರಿದ ಕೂಡಲೇ ಸ್ವಿಚ್ಚು ಆರಿಸಬೇಕು. ಒಂದು ತೊಟ್ಟೂ ಹೊರಗೆ ಚೆಲ್ಲಬಾರದು. ಇದರಿಂದ ಒಂದು ಅಡ್ಡಪರಿಣಾಮವೂ ಆಯಿತು. ಅಲ್ಮಾಜ್ ಕನ್ನಡ ಕಲಿತದ್ದು ನನ್ನ ಬಾಯಿಂದ, ನಾನು ಆಡುವುದೆಲ್ಲ ಅಪ್ಪಣೆ. ಹಾಗಾಗಿ ಅವಳ ಕನ್ನಡದಲ್ಲಿ ಹಾಕು, ತೆಗಿ, ಮುಚ್ಚು, ಮರೀಬೇಡ ಎಂಬುದರ ಹೊರತು ಬೇರೆ ಮಾತಿರಲಿಲ್ಲ. ಆ ಬಂಡವಾಳದಲ್ಲೇ ಅವಳು ಕಮ್ಮನಹಳ್ಳಿ ಮೇನ್ ರೋಡನ್ನು ಗೆದ್ದುಬಂದಳು. ತರಕಾರಿ ಗಾಡಿಯವನಿಗೆ "ಕೊತ್ತಂಬರಿ ಹಾಕು" ಎಂದಳಂತೆ. ವರ್ಷಗಟ್ಟಲೆ ನಾನು ಕೇಳಿದರೂ ಒಂದೆಳೆ ಎಸೆಯದ ಆ ಮನುಷ್ಯ ತೆಪ್ಪಗೆ ಒಂದು ಹಿಡಿ ಹಾಕಿದ.

ಅವಳ ಧೈರ್ಯಕ್ಕಿಂತ ನಾನು ಮೆಚ್ಚಿದ್ದು ಅವಳ ಹಟವನ್ನು. ಅವರ ಕಡೆ ಒಂದು ಸಣ್ಣ ಧಾನ್ಯದ ಹಿಟ್ಟನ್ನು ಚೆನ್ನಾಗಿ ಹುಳಿಬರಿಸಿ, ಹಾಸಿಕೊಂಡು ಮಲಗುವಷ್ಟು ದೊಡ್ಡ ದೋಸೆ ಹುಯ್ಯುತ್ತಾರೆ. ಊಟವೆಂದರೆ ಅದೇ. ಆ ಧಾನ್ಯ ಇಲ್ಲಿ ಸಿಗಲಿಲ್ಲ. ಅವಳು ಅಂಗಡಿ ಅಂಗಡಿ ಹತ್ತಿ ಹಿಟ್ಟುಗಳನ್ನು ಮೂಸಿ, ನಾಲಗೆಗಿಟ್ಟು, ಕಡೆಗೆ ನಮ್ಮ ರಾಗಿಯ ಮುಂದೆ ನಿಂತಳು. ಮೊದಲ ದೋಸೆ ಹೆಂಚು ಬಿಡಲಿಲ್ಲ. ಆಮೇಲಿನದು ಹರಿಯಿತು. ಹಲವು ದಿನ ಮೆಟ್ಟಿಲ ತುಂಬ ಹುಳಿ ವಾಸನೆ. ಒಂದು ದಿನ ಮಾತ್ರ ತಟ್ಟೆಯಗಲದ, ಮೆತ್ತಗಿನ ರಾಗಿದೋಸೆಯನ್ನು ಮಡಚಿ ತಂದು ನನ್ನ ಮುಂದೆ ಹಿಡಿದು "ತಿನ್ನು" ಎಂದಳು. ಮೈಸೂರಿಗೆ ತಂಗಿಯ ಮನೆಗೆ ಹೋಗುವಾಗಲೂ ನನ್ನ ಕಾಫಿಪುಡಿ, ನನ್ನ ದಿಂಬು, ನನ್ನ ಚಟ್ನಿಪುಡಿ ಕಟ್ಟಿಕೊಂಡು ಹೋಗುವವಳು ನಾನು. ಸಮುದ್ರ ದಾಟಿ ಬಂದವಳು ಹೊಸ ಹಿಟ್ಟಿನೊಡನೆ ಸ್ನೇಹ ಬೆಳೆಸಿದ್ದನ್ನು ನೋಡಿ, ತಿಂದೆ. ನಿಂತುಕೊಂಡೇ.

ಇನ್ನು ಗರಿಕೆಯ ವಿಚಾರ. ಅಲ್ಮಾಜ್ ವಾರವಾರವೂ ಹೂವಿನವಳ ಬಳಿ ಕಟ್ಟುಗಟ್ಟಲೆ ಗರಿಕೆ, ಶಿವಾಜಿನಗರದಿಂದ ಸಾಂಬ್ರಾಣಿ ತರುವುದನ್ನು ಕಂಡು ಪದ್ಮ ಬೆರಗಾದಳು. "ಅಕ್ಕ, ಅವ್ಳು ಗಣೇಶನ ವ್ರತ ಹಿಡಿದಿದಾಳೆ. ನಾವು ಚೌತಿಗೊಂದ್ಸಲ ತಂದ್ರೆ ಹೆಚ್ಚು." ಅವರು ಚರ್ಚಿಗೆ ಹೋಗುವವರು ಎಂದರೂ ಅವಳು ಒಪ್ಪಲಿಲ್ಲ. ಗರಿಕೆ ಹೋಗುತ್ತಿದ್ದುದು ಗಣೇಶನಿಗಲ್ಲ, ಕಾಫಿಗೆ ಎಂಬುದು ನನಗೆ ತಿಳಿದದ್ದು ಒಂದು ಭಾನುವಾರ ಅವಳು ಕೆಳಗೆ ಬಂದು "ಸರೋಜಕ್ಕ, ಬಾ. ಕಾಫಿ ಕುಡಿ" ಎಂದಾಗ.

ಹೋದೆ. ನೆಲದ ಮೇಲೆ ಗರಿಕೆ ಹರಡಿತ್ತು, ಸಾಂಬ್ರಾಣಿ ಹೊಗೆಯಾಡುತ್ತಿತ್ತು. ಅಲ್ಮಾಜ್ ಬಿಳಿ ಸೀರೆಯಂಥ ಬಟ್ಟೆಯುಟ್ಟು, ಹಸಿ ಕಾಫಿಬೀಜವನ್ನು ತೊಳೆಯುತ್ತಿದ್ದಳು. ಕಾಫಿಗೆ ಕರೆದು, ಬೀಜ ತೊಳೆಯುವುದರಿಂದ ಶುರು. ಅವಳು ಅದನ್ನು ಸಣ್ಣ ಉರಿಯಲ್ಲಿ ಹುರಿದು, ಹೊಗೆಯೇಳುವ ಬಾಣಲೆಯನ್ನು ನನ್ನ ಮುಖದ ಮುಂದೆ ತಂದಳು. ನಾನು ಅಭ್ಯಾಸಬಲದಿಂದ ಎರಡೂ ಕೈಯಲ್ಲಿ ಮಂಗಳಾರತಿ ತೆಗೆದುಕೊಂಡೆ. ಆಮೇಲೆ ಕುಟ್ಟಿ, ಉದ್ದ ಕುತ್ತಿಗೆಯ ಕರಿಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎತ್ತರದಿಂದ ಧಾರೆ ಬಿಟ್ಟಳು. ಒಂದು ತೊಟ್ಟು ಆಚೆಗೆ ಬೀಳಲಿಲ್ಲ. ಹೇಳಿಬಿಡುತ್ತೇನೆ, ನಾನು ಕುಡಿದ ಕಾಫಿಗಳಲ್ಲಿ ಅದು ಮೊದಲ ಸಾಲಿನದು. ಅಷ್ಟರಲ್ಲಿ ಟ್ಯಾಂಕು ತುಂಬುವ ಹೊತ್ತಾಗಿತ್ತು. ಬಟ್ಟಲು ಇಟ್ಟು, "ತುಂಬ ಚೆನ್ನಾಗಿತ್ತಮ್ಮ" ಎಂದು ಹೇಳಿ ಇಳಿದುಬಂದೆ.

ಅದಾದ ಮೇಲೆ ಮೇಲಿನ ಮನೆ ಸಪ್ಪಗಾಯಿತು. ಗರಿಕೆ ಬರಲಿಲ್ಲ, ಸಾಂಬ್ರಾಣಿ ಬರಲಿಲ್ಲ. ಎದುರು ಸಿಕ್ಕರೆ ಅಲ್ಮಾಜ್ ತಲೆ ಬಗ್ಗಿಸಿ ಸರಿದುಹೋಗುತ್ತಿದ್ದಳು; "ಹಾಕು, ತೆಗಿ" ಕೂಡ ಇಲ್ಲ. ಕೆಲವು ದಿನ ಕಳೆದು ದಾವಿತ್ ಬಂದು ಬಾಗಿಲಲ್ಲಿ ನಿಂತ. ಶಾಲೆಗೆ ರಜೆ ಸಿಕ್ಕ ಮೇಲೆ ಹೆಂಡತಿ ಮಗಳು ಊರಿಗೆ ವಾಪಸ್ಸು ಹೋಗುತ್ತಾರೆ, ತಾನು ಬೈಯಪ್ಪನಹಳ್ಳಿಯ ಹತ್ತಿರ ಒಂದು ರೂಮು ಹಿಡಿಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಏನು ತೊಂದರೆ? ನೀರೇ? ಸೊಳ್ಳೆಯೇ?" ಎಂದೆ.

"ನೀರಲ್ಲ ಮೇಡಂ. ಕಾಫಿ."

ಅವನು ಸಂಕೋಚಪಡುತ್ತಲೇ ವಿವರಿಸಿದ. ಅವರಲ್ಲಿ ಅದೇ ಪುಡಿಗೆ ಮತ್ತೆ ಮತ್ತೆ ನೀರು ಹುಯ್ದು ಮೂರು ಸುತ್ತು ಕೊಡುತ್ತಾರೆ. ಮೊದಲನೆಯದು ರುಚಿಗೆ, ಎರಡನೆಯದು ಮಾತಿಗೆ, ಮೂರನೆಯದು ಮನೆಗೆ ಹರಸುವುದಕ್ಕೆ. ಮೊದಲ ಬಟ್ಟಲಿಗೇ ಎದ್ದುಹೋದರೆ, ನಿಮ್ಮ ಮನೆಯಲ್ಲಿ ಕೂರಲು ಮನಸ್ಸಿಲ್ಲ ಎಂದು ಹೇಳಿದಂತೆ. ಊರಲ್ಲಿ ಅಲ್ಮಾಜಳ ಮನೆಗೆ ಇಡೀ ಬೀದಿ ಬಂದು ಕೂರುತ್ತಿತ್ತು. ಇಲ್ಲಿ ಮೊದಲು ಪದ್ಮಳನ್ನು ಕರೆದಳಂತೆ. ಅವಳು ಒಲೆ ಮೇಲೆ ಕುಕ್ಕರ್ ಇದೆ ಎಂದು ಎದ್ದಳು. ಆಮೇಲೆ ನಾನು. "ಅವಳು ಕೂತು ಮಾತಾಡಿ ತಿಂಗಳುಗಳೇ ಆದವು ಮೇಡಂ. ಈ ಬೀದಿಗೆ ನಾವು ಬೇಡ ಅಂದ್ಕೊಂಡಿದಾಳೆ."

ಅಪರಿಚಿತ ಹಿಟ್ಟನ್ನೇ ಪಳಗಿಸಿದವಳು ನನ್ನ ಅವಸರದ ಮುಂದೆ ಸೋತು ಹೋಗುವುದೇ? ಮರುದಿನವೇ ಪದ್ಮಳ ಬಾಗಿಲು ತಟ್ಟಿದೆ.

"ನಡಿ, ಮೇಲೆ ಕಾಫಿಗೆ."

"ಅಕ್ಕ, ಕುಕ್ಕರ್ ಇಟ್ಟಿದೀನಿ."

"ಆರಿಸಿ ಬಾ. ಮೂರು ಬಟ್ಟಲು ಆಗೋವರ್ಗೂ ಏಳೋ ಹಾಗಿಲ್ಲ."

"ಇದೇನು ಡ್ಯೂಟಿನಾ?"

"ಹೌದು."

ಅಲ್ಮಾಜ್ ಬಾಗಿಲು ತೆಗೆದಳು. "ಕಾಫಿ ಮಾಡು" ಎಂದೆ. ಅವಳು ನನ್ನನ್ನು ನೋಡಿ, ಮೆಟ್ಟಿಲ ಕಡೆ ನೋಡಿ, "ಮೋಟರ್?" ಎಂದಳು. "ಇವತ್ತು ಮೋಟರ್ ಇಲ್ಲ" ಎಂದು ಠೀವಿಯಿಂದ ಹೇಳಿ ಕೂತೆ. ಹತ್ತಿ ಬರುವಾಗ ನನ್ನ ಕೈ ಎಂದಿನಂತೆ ಸ್ವಿಚ್ಚು ಒತ್ತಿಯೇ ಬಂದಿತ್ತೆಂಬುದು ನನ್ನ ತಲೆಗೆ ಗೊತ್ತಿರಲಿಲ್ಲ.

ತೊಳೆದಳು, ಹುರಿದಳು. ಈ ಸಲ ಪದ್ಮಳೂ ಮಂಗಳಾರತಿ ತೆಗೆದುಕೊಂಡಳು. ಮೊದಲ ಬಟ್ಟಲು ಮುಗಿಯಿತು. ಏಳಲಿಲ್ಲ. ಎರಡನೆಯದು ಕೈಗೆ ಬರುವಾಗ ಕಿಟಕಿಯ ಹೊರಗೆ ಧೋ ಎಂದು ಸದ್ದಾಯಿತು.

"ಅಕ್ಕ, ನಿಮ್ಮ ಟ್ಯಾಂಕು."

"ಕೇಳಿಸ್ತು."

"ನಾನು ಒಣಹಾಕಿರೋ ಬಟ್ಟೆ ಮೇಲೆ ಬೀಳ್ತಿದೆ."

"ಮತ್ತೆ ಒಣಗತ್ತೆ. ಕೂತ್ಕೊ."

ಬೆಂಗಳೂರಿನಲ್ಲಿ ನೀರು ಪೋಲು ಮಾಡುವವರನ್ನು ನಾನು ಮನುಷ್ಯರ ಲೆಕ್ಕಕ್ಕೆ ಸೇರಿಸಿದವಳಲ್ಲ. ನನ್ನ ಟ್ಯಾಂಕು ಈ ತನಕ ಒಮ್ಮೆಯೂ ಉಕ್ಕಿರಲಿಲ್ಲ. ಕಾಲ್ಬೆರಳುಗಳು ಮುದುಡಿಕೊಂಡವು. ಆದರೂ ಏಳಲಿಲ್ಲ. ಎದ್ದರೆ ನೀರು ಉಳಿಯುತ್ತದೆ, ಮೇಲಿನ ಮನೆ ಖಾಲಿಯಾಗುತ್ತದೆ.

ಅಲ್ಮಾಜ್ ಕಿಟಕಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಹೂಜಿಯನ್ನು ಮೆಲ್ಲಗೆ ಕೆಳಗಿಟ್ಟು ದಡದಡ ಇಳಿದುಹೋದಳು. ಧೋ ನಿಂತಿತು. ಹತ್ತಿ ಬಂದು ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ನನ್ನದೇ ದನಿಯಲ್ಲಿ, "ನೀರು ದಂಡ. ಮರೀಬೇಡ" ಎಂದಳು. ಆಮೇಲೆ ನಕ್ಕಳು. ಎಷ್ಟು ನಕ್ಕಳೆಂದರೆ ಕಣ್ಣೊರೆಸಿಕೊಳ್ಳಬೇಕಾಯಿತು. ಪದ್ಮಳೂ ನಕ್ಕಳು, ತನ್ನ ಒದ್ದೆ ಬಟ್ಟೆ ಮರೆತು. ನಾನು ನಗುವ ಅಭ್ಯಾಸ ಕಡಿಮೆಯಿರುವವಳು; ಬಟ್ಟಲು ಮುಂದೆ ಹಿಡಿದೆ.

ಮೂರನೆಯ ಬಟ್ಟಲು ತೀರ ತೆಳು. ನಮ್ಮ ಮನೆಯಲ್ಲಾದರೆ ಅದನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತೇವೆ. ಅದನ್ನು ಕುಡಿಯುತ್ತ ಕುಡಿಯುತ್ತ ಅಲ್ಮಾಜ್ ತನ್ನ ತಾಯಿಯ ಕತೆ ಹೇಳಿದಳು. ಅರ್ಧ ಅಪ್ಪಣೆಯಲ್ಲಿ, ಅರ್ಧ ಕೈಸನ್ನೆಯಲ್ಲಿ. ಪದ್ಮ ತನ್ನ ಅತ್ತೆಯ ಕತೆ ಹೇಳಿದಳು. ಇಬ್ಬರಿಗೂ ಪೂರ್ತಿ ಅರ್ಥವಾದಂತೆ ಕಂಡಿತು. ದಾವಿತ್ ರೂಮು ಹುಡುಕುವುದನ್ನು ಬಿಟ್ಟ. ಗರಿಕೆ ಮತ್ತೆ ಬರತೊಡಗಿತು.

ಮೊನ್ನೆ ಪದ್ಮ ನಮ್ಮನೆಗೆ ಬಂದಿದ್ದಳು. ಕಾಫಿ ಕೊಟ್ಟೆ. ಗಟಗಟ ಕುಡಿದು, "ಬರ್ತೀನಿ ಅಕ್ಕ, ಕುಕ್ಕರ್ ಇಟ್ಟಿದೀನಿ" ಎಂದು ಎದ್ದಳು.

"ಯಾಕೆ, ನಮ್ಮನೇಲಿ ಕೂರೋಕೆ ಮನಸ್ಸಿಲ್ವಾ?" ಎಂದುಬಿಟ್ಟೆ.

ಪದ್ಮ ನನ್ನ ಕೈಯನ್ನೇ ನೋಡುತ್ತ ನಿಂತಳು. ನಾನೂ ನೋಡಿಕೊಂಡೆ. ಅವಳ ಲೋಟ ಆಗಲೇ ತೊಳೆದು ಬೋರಲು ಹಾಕುತ್ತಿದ್ದೆ.