ತೌಡಿನ ಭರಣಿಯೂ ಇಸೊಗಾಯರ ಸೊಂಟವೂ

"ನಲವತ್ತೆರಡು ವರ್ಷ! ಒಂದು ತಿಂಗಳೂ ತಪ್ಪದೆ ಸರ್ಕಾರಿ ವಿಮೆಗೆ ದುಡ್ಡು ಕಟ್ಟಿದ್ದೀನಿ. ವಿಮೆ ಕಾರ್ಡು ತಗೊಂಡು ನನ್ನ ಬೆನ್ನು ನೆಟ್ಟಗೆ ಮಾಡೋ ಕೈರೋಪ್ರಾಕ್ಟರ್ ಒಬ್ಬನನ್ನ ಈ ನುಮಾಝು ಊರಲ್ಲಿ ಸಂಜೆಯೊಳಗೆ ಹುಡುಕದಿದ್ರೆ ನನ್ನ ಹೆಸರು ಇಸೊಗಾಯ್ ಅಲ್ಲ!"

ಈ ಭೀಷಣ ಪ್ರತಿಜ್ಞೆಯನ್ನು ಇಸೊಗಾಯರು ನಾಲ್ಕು ಕಾಲಿನ ಮೇಲೆ ನಿಂತು ಮಾಡಿದರು. ಎರಡು ಕಾಲಿನ ಮೇಲೆ ನಿಲ್ಲುವುದು ಎರಡು ದಿನದಿಂದ ಅವರ ಕೈಲಾಗುತ್ತಿರಲಿಲ್ಲ.

"ಆಸ್ಪತ್ರೇಲಿ ನೋವಿನ ಪಟ್ಟಿ ಕೊಟ್ಟಿದ್ದಾರಲ್ಲ, ಅಂಟಿಸ್ಕೊಂಡು ಮಲಗಿ ರೀ," ಅಂದರು ಹೆಂಡತಿ ತೊಮಿಯೆ. "ಪೇಪರ್ ಎತ್ತೋಕೆ ಹೋಗಿ ಸೊಂಟ ಉಳುಕಿಸ್ಕೊಂಡೋರಿಗೆ ಮೂಳೆ ನೆಟಿಕೆ ಮುರಿಯೋರು ಯಾಕೆ?"

"ಪೇಪರ್ ಅಂದ್ರೆ ಏನಂದ್ಕೊಂಡೆ? ಭಾನುವಾರದ್ದು! ಜಾಹೀರಾತೆಲ್ಲ ಸೇರಿ ಎಷ್ಟು ಭಾರ ಇರತ್ತೆ ಗೊತ್ತಾ?"

"ನಿಮ್ಮ ಸೊಂಟ ಹೋಗಿದ್ದು ಮಂಗಳವಾರ."

ಇಸೊಗಾಯರು ಆ ವಿಷಯವನ್ನು ಅಲ್ಲಿಗೇ ಬಿಟ್ಟು ಟೆಲಿಫೋನಿನ ಕಡೆಗೆ ಅಂಬೆಗಾಲಿಟ್ಟರು.

ಓದುಗರಿಗಾದರೂ ನಿಜ ಹೇಳಿಬಿಡೋಣ. ಸೊಂಟ ಹೋಗಿದ್ದು ಪೇಪರಿನಿಂದಲ್ಲ, ಭರಣಿಯಿಂದ. ಇಸೊಗಾಯರ ಅಡುಗೆಮನೆಯ ಮೂಲೆಯಲ್ಲಿ ಒಂದು ತೌಡಿನ ಭರಣಿ ಇದೆ. ಅಕ್ಕಿ ತೌಡಿಗೆ ಉಪ್ಪು ನೀರು ಬೆರೆಸಿ ಹುಳಿಯಲು ಬಿಟ್ಟು ಹದ ಮಾಡಿದ್ದು. ಸಂಜೆ ಅದರಲ್ಲಿ ಸೌತೆಕಾಯಿ ಹೂತಿಟ್ಟರೆ ಬೆಳಿಗ್ಗೆ ಗಂಜಿಗೆ ನಂಚಿಕೊಳ್ಳಲು ಉಪ್ಪಿನಕಾಯಿ ಸಿದ್ಧ. ಆದರೆ ದಿನಾ ಬರಿಗೈ ಹಾಕಿ ತಿರುವಬೇಕು. ಬೇಸಿಗೆಯಲ್ಲಿ ಎರಡು ದಿನ ಬಿಟ್ಟರೆ ತೌಡು ಸತ್ತಿತು ಅಂತಲೇ ಲೆಕ್ಕ. ಈ ತೌಡು ಇಸೊಗಾಯರ ತಾಯಿಯದು. ಮದುವೆಯಾದ ವರ್ಷ ಸೊಸೆಗೆ ಒಪ್ಪಿಸಿದ್ದರು. ತಾಯಿ ಈಗ ದೇವರ ಗೂಡಿನಲ್ಲಿ ಫೋಟೋ ಆಗಿದ್ದಾರೆ. ತೌಡು ಮಾತ್ರ ಬದುಕಿತ್ತು. ತೊಮಿಯೆ ಮೂವತ್ತಾರು ವರ್ಷ ಉಗುರು ಬೆಳೆಸದೆ, ಬೆಳಗಾಗೆದ್ದು ಮೊಣಕೈವರೆಗೂ ಕೈ ಇಳಿಸಿ ಅದನ್ನು ತಿರುವುತ್ತಾ ಬಂದಿದ್ದರು. ಮನೆಗೆ ಬಂದವರ ಮುಂದೆ ಇಸೊಗಾಯರು ಸೌತೆಕಾಯಿ ಚೂರೊಂದನ್ನು ಎತ್ತಿ ಹಿಡಿದು, "ಇದು ನಮ್ಮಮ್ಮನ ಕೈರುಚಿ! ಇವಳು ಏನೇನೋ ಮಾಡ್ತಾಳೆ, ಇದರ ಹತ್ರಕ್ಕೂ ಬರಲ್ಲ," ಅನ್ನುತ್ತಿದ್ದರು. ತೊಮಿಯೆ ಚಹಾ ಬಗ್ಗಿಸುತ್ತಿದ್ದರು.

ಜುಲೈಯಲ್ಲಿ ತಂಗಿಯ ಕಣ್ಣಿನ ಆಪರೇಷನ್ ಅಂತ ತೊಮಿಯೆ ನೀಗಾತಾಕ್ಕೆ ಹೊರಟರು. ಐದೇ ದಿನ.

"ದಿನಕ್ಕೊಂದು ಸಲ ಭರಣಿಗೆ ಕೈಯಾಡಿಸಿ ರೀ, ಮರೀಬೇಡಿ."

"ಬಸ್ ಕಂಪನೀಲಿ ಇನ್ನೂರು ಬಸ್ಸಿಗೆ ವೇಳಾಪಟ್ಟಿ ಬರೆದೋನು ನಾನು. ಒಂದು ಭರಣಿ ವಿಷಯ ನನಗೆ ಹೇಳಿಕೊಡ್ತೀಯಾ?"

ಹೇಳಿದ ಹಾಗೆಯೇ ಅಡಿಗೋಲು ಹಿಡಿದು ದಿನಕ್ಕೊಂದರಂತೆ ಐದು ಮನೆಯ ಪಟ್ಟಿ ಗೀಚಿ ಫ್ರಿಜ್ಜಿಗೆ ಅಂಟಿಸಿದರು. ಮೊದಲ ದಿನ ತಿರುವಿದರು. ಆಮೇಲೆ ಮರೆತುಹೋದರೆ ಕಷ್ಟ ಅಂತ ಐದು ಮನೆಗೂ ಅವತ್ತೇ ಸರಿ ಗುರುತು ಹಾಕಿದರು. ಮುಂದೆ ಪಟ್ಟಿ ನೋಡಿದಾಗಲೆಲ್ಲ ಕೆಲಸ ಮುಗಿದಿತ್ತು! ನಾಲ್ಕನೇ ಸಂಜೆ ಏನೋ ವಾಸನೆ ಅಂತ ಮುಚ್ಚಳ ತೆಗೆದರೆ ಕಪ್ಪು, ಹಸಿರು, ಗುಲಾಬಿ, ಮೂರು ಬಣ್ಣದ ಬೂಸ್ಟು. ಇಸೊಗಾಯರು ಸೂಪರ್ ಮಾರ್ಕೆಟ್ಟಿಗೆ ಓಡಿ ಹದ ಮಾಡಿದ ತೌಡಿನ ಪೊಟ್ಟಣ ಎರಡು ತಂದರು. ಮರುದಿನ ಬೆಳಿಗ್ಗೆ, ಹಳೆಯದನ್ನು ಹಿತ್ತಲಲ್ಲಿ ಹೂಳಲೆಂದು ಭರಣಿ ಎತ್ತಿದರು. ಲಟಕ್! ತೆವಳಿಕೊಂಡೇ ಸೌಟಿನಲ್ಲಿ ಹಳೆ ತೌಡು ತೋಡಿ, ಹೊಸದು ತುಂಬಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತೊಮಿಯೆ ಒಳಗೆ ಬಂದಾಗ ಯಜಮಾನರು ಕೈಯಲ್ಲಿ ಪೇಪರ್ ಹಿಡಿದು ನೆಲದ ಮೇಲಿದ್ದರು.

ಅವತ್ತಿನಿಂದ ಅವರಿಗೆ ಒಂದೇ ಭಯ. ಹೆಂಡತಿಯ ಮೂವತ್ತಾರು ವರ್ಷದ ದುಡಿಮೆಯನ್ನು ನಾಲ್ಕು ದಿನದಲ್ಲಿ ಕೊಂದ ಸಂಗತಿ ಅವಳಿಗೆ ಗೊತ್ತಾಗಬಾರದು. ಮನೆಯ ದುಡ್ಡೆಲ್ಲ ತೊಮಿಯೆ ಕೈಯಲ್ಲಿ. ಕೇಳಿದರೆ ಪೇಪರಿನ ಮಾತು ಮತ್ತೆ ಏಳುತ್ತದೆ. ಆದ್ದರಿಂದ ವಿಮೆಯೇ ಆಗಬೇಕು. ಕೈರೋಪ್ರಾಕ್ಟರಿಗೆ ಸರ್ಕಾರಿ ವಿಮೆ ನಡೆಯುವುದಿಲ್ಲ ಅನ್ನುವುದು ಊರಲ್ಲಿ ಅವರೊಬ್ಬರಿಗೇ ಗೊತ್ತಿರಲಿಲ್ಲ.

ಮೊದಲನೇ ಕೈರೋಪ್ರಾಕ್ಟರ್, "ವಿಮೆಯಾ? ದಯವಿಟ್ಟು ಕ್ಷಮಿಸಬೇಕು," ಅಂತ ಮೂರು ಸಲ ಹೇಳಿ ಫೋನಿಟ್ಟರು. ಎರಡನೆಯವರು ಎಷ್ಟು ಹೊತ್ತು ಮಾತಾಡಲಿಲ್ಲವೆಂದರೆ ಇಸೊಗಾಯರೇ ಕ್ಷಮೆ ಕೇಳಿದರು. ಮೂರನೆಯವನಿಗೆ ನಗು ತಡೆಯಲಾಗಲಿಲ್ಲ. ಐದು ನಿಮಿಷ ಬಿಟ್ಟು ಅವನೇ ಫೋನ್ ಮಾಡಿ, ನಕ್ಕಿದ್ದಕ್ಕೆ ಕ್ಷಮೆ ಕೇಳಲು ಹೋಗಿ ಮತ್ತೆ ನಕ್ಕ.

ಕೊನೆಗೆ ಕೋಲೂರಿ ಬಾಗಿಕೊಂಡೇ ಹೊರಟವರಿಗೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಬೋರ್ಡು ಕಂಡಿತು: "ವಿಮೆ ನಡೆಯುತ್ತದೆ." ಕೈರೋಪ್ರಾಕ್ಟರ್ ಅಲ್ಲ, ಮೂಳೆ ಕೂರಿಸಿ ಉಳುಕು ತೆಗೆಯುವ ಅಂಗಡಿ. ಒಳಗೆ ಕುರಾಮೊಚಿ ಸೆನ್ಸೇ, ಜೂಡೋ ಆಡಿ ಆಡಿ ಕತ್ತೇ ಕಾಣದಂತಾದ ಗುರುಗಳು, ಪೆನ್ನು ಹಿಡಿದು ಕೂತಿದ್ದರು.

"ಯಾವಾಗಿಂದ ನೋವು ಇಸೊಗಾಯ್ ಸಾನ್?"

"ವಯಸ್ಸಾಯ್ತಲ್ಲ ಸೆನ್ಸೇ, ಹಾಗೇ..."

ಸೆನ್ಸೇ ಪೆನ್ನು ಕೆಳಗಿಟ್ಟರು. "ವಯಸ್ಸಿಗೆ ವಿಮೆ ಇಲ್ಲ. ಉಳುಕಿಗೆ ಇದೆ. ಉಳುಕು ಅಂದ್ರೆ ಒಂದು ದಿನ, ಒಂದು ಜಾಗ, ಒಂದು ಕಾರಣ ಬೇಕು."

"ಪೇಪರ್ ಎತ್ತಿದೆ."

ಸೆನ್ಸೇ ಹೆಬ್ಬೆರಳಿನಿಂದ ಸೊಂಟದ ಒಂದು ಜಾಗ ಒತ್ತಿದರು. ಇಸೊಗಾಯರಿಗೆ ತಾಯಿ ನೆನಪಾದರು.

"ಪೇಪರಿಗೆ ಇದು ಹೀಗಾಗಲ್ಲ. ಹತ್ತು ಕಿಲೋಗೆ ಆಗತ್ತೆ."

"ಹನ್ನೆರಡು," ಅಂದುಬಿಟ್ಟರು ಇಸೊಗಾಯರು. ವೇಳಾಪಟ್ಟಿಯ ಮನುಷ್ಯ, ತಪ್ಪು ಅಂಕಿ ಕೇಳಿ ಸುಮ್ಮನಿರಲಾರರು.

ಆಮೇಲೆ ಎಲ್ಲವೂ ಹೊರಬಿತ್ತು. ಜುಲೈ ಇಪ್ಪತ್ತೆರಡು, ಬೆಳಿಗ್ಗೆ ಆರು ನಲವತ್ತೆರಡು, ಅಡುಗೆಮನೆ, ತೌಡಿನ ಭರಣಿ. ಸೆನ್ಸೇ ಅಷ್ಟನ್ನೂ ಬರೆದುಕೊಂಡು ಸಹಿ ಹಾಕಿಸಿಕೊಂಡರು.

"ಮನೇಲಿ ಗೊತ್ತಾಗಬಾರದು ಸೆನ್ಸೇ."

"ನನ್ನ ಬಾಯಿಂದ ಹೊರಗೆ ಹೋಗಲ್ಲ," ಅಂದರು ಸೆನ್ಸೇ. ಮಾತಿಗೆ ತಪ್ಪುವವರಲ್ಲ.

ಆರು ಸಲ ಹೋಗಿ ಬರುವಷ್ಟರಲ್ಲಿ ಸೊಂಟ ನೆಟ್ಟಗಾಯಿತು. ಮನೆಯಲ್ಲೂ ಎಲ್ಲ ನೆಟ್ಟಗಿತ್ತು. ಹೊಸ ತೌಡಿನ ಮೊದಲ ಸೌತೆಕಾಯಿಯನ್ನು ತೊಮಿಯೆ ಬಹಳ ಹೊತ್ತು ಅಗಿದಿದ್ದರು. "ಅಮ್ಮನ ಕೈರುಚಿ!" ಅಂದಿದ್ದರು ಇಸೊಗಾಯರು, ಸ್ವಲ್ಪ ಜೋರಾಗಿಯೇ. "ಹೌದಾ?" ಅಂದಿದ್ದರು ತೊಮಿಯೆ.

ಅಕ್ಟೋಬರಿನಲ್ಲಿ ನಗರಸಭೆಯ ವಿಮೆ ವಿಭಾಗದಿಂದ ಲಕೋಟೆ ಬಂತು. ಮನೆಗೆ ಬರುವ ಕಾಗದಪತ್ರಕ್ಕೆಲ್ಲ ತೊಮಿಯೆಯದೇ ಕೈ. ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತರು.

"ವಿಮೆಯೋರು ರೀ. ಆ ಮೂಳೆ ಕೂರಿಸೋರ ಬಿಲ್ಲು ಸರಿಯಾ ಅಂತ ತಾಳೆ ನೋಡ್ತಾರಂತೆ. ಅವರನ್ನ ಕೇಳದೆ ನೀವೇ ಬರೀಬೇಕಂತೆ. ಎಲ್ಲಿ, ಹೇಳಿ. ಯಾವ ದಿನ?"

"ಜುಲೈ ಇಪ್ಪತ್ತೆರಡು."

"ಎಷ್ಟು ಹೊತ್ತಿಗೆ?"

"ಆರು... ನಲವತ್ತೆರಡು."

"ಏನು ಮಾಡ್ತಿದ್ದಾಗ?" ತೊಮಿಯೆ ಪೆನ್ನು ಹಿಡಿದು ಕಾದರು.

ಪೇಪರ್ ಅಂದರೆ ಸೆನ್ಸೇ ಬರೆದದ್ದಕ್ಕೆ ತಾಳೆಯಾಗದು. ಪಾಪ, ಅವರ ಮೇಲೆ ಸುಳ್ಳು ಬಿಲ್ಲಿನ ಅನುಮಾನ ಬರುತ್ತದೆ. ಭರಣಿ ಅಂದರೆ... ದೇವರ ಗೂಡಿನಿಂದ ತಾಯಿ ನೋಡುತ್ತಿದ್ದರು. ಇಸೊಗಾಯರು ಚಾಪೆಯ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದರು. ಬೆನ್ನು ಸಲೀಸಾಗಿ ಬಗ್ಗಿತು, ಸೆನ್ಸೇಯ ಕೈಗುಣ.

"ಅಮ್ಮನ ತೌಡು ಕೊಂದುಬಿಟ್ಟೆ ತೊಮಿಯೆ! ನೀನು ಮೂವತ್ತಾರು ವರ್ಷ ಸಾಕಿದ್ದನ್ನ... ಭರಣೀಲಿ ಇರೋದು ಅಂಗಡೀದು!" ಅವರಿಗೆ ನಿಜಕ್ಕೂ ಅಳು ಬಂತು. ಅಮ್ಮ ಎರಡನೇ ಸಲ ಹೋದಂತಾಗಿತ್ತು.

"ಏಳಿ ಮೇಲೆ, ತೌಡು ಕುಟ್ಟಿದ್ದು ಸಾಕು," ಅಂದರು ತೊಮಿಯೆ. "ಅಂಗಡೀದು ಅಂತ ಮೊದಲನೇ ಸೌತೆಕಾಯಿಗೇ ಗೊತ್ತಾಯ್ತು. ಹೊಸದು ಎರಡು ತಿಂಗಳು ಕಹಿ ಇರತ್ತೆ. ಆದರೆ ನಿಮ್ಮಮ್ಮನ ತೌಡು ನೀವು ಕೊಂದಿದ್ದು ಈಗಲ್ಲ ರೀ."

"ಮತ್ತೆ?"

"ಮದುವೆಯಾಗಿ ಎರಡು ವರ್ಷಕ್ಕೆ, ಮಗಳು ಹುಟ್ಟಿದಾಗ. ನಾನು ಆರು ದಿನ ಹೆರಿಗೆ ಆಸ್ಪತ್ರೇಲಿ. ಆಗಲೂ ಒಂದು ಪಟ್ಟಿ ಗೀಚಿ ಅಂಟಿಸಿದ್ರಿ. ಪಟ್ಟಿ ಚೆನ್ನಾಗಿತ್ತು. ಭರಣಿ ನೋಡೋ ಹಾಗಿರ್ಲಿಲ್ಲ. ಮಗೂನ ಎತ್ಕೊಂಡೇ ಅಂಗಡಿಗೆ ಹೋಗಿ ಎರಡು ಪೊಟ್ಟಣ ತಂದು ತುಂಬಿದೆ. ನಿಮ್ಮಮ್ಮನಿಗೂ ಹೇಳಿದೆ. 'ಅವನಿಗೆ ಹೇಳ್ಬೇಡ ಕಣೇ, ನೊಂದ್ಕೊಳ್ತಾನೆ' ಅಂದ್ರು."

ಇಸೊಗಾಯರು ಗೂಡಿನ ಕಡೆ ನೋಡಿದರು. ಅಮ್ಮ ಫೋಟೋದಲ್ಲಿ ಎಂದಿನಂತೆ ತುಟಿ ಬಿಗಿದು ಕೂತಿದ್ದರು. ಅದು ನಗು ತಡೆದುಕೊಂಡ ಮುಖ ಅಂತ ಇವತ್ತೇ ಗೊತ್ತಾದದ್ದು.

"ಹಾಗಾದ್ರೆ ಮೂವತ್ನಾಲ್ಕು ವರ್ಷ ಬಂದೋರ ಮುಂದೆಲ್ಲ ನಾನು ಹೊಗಳ್ತಿದ್ದಿದ್ದು..."

"ನನ್ನ ಕೈರುಚಿ," ಅಂದರು ತೊಮಿಯೆ.

ಇಸೊಗಾಯರು ಮತ್ತೆ ಹಣೆ ನೆಲಕ್ಕೆ ಮುಟ್ಟಿಸಿದರು. ಈ ಸಲ ಯಾರೂ ಏಳಿ ಅನ್ನಲಿಲ್ಲ.

ತೊಮಿಯೆ ಕನ್ನಡಕ ಸರಿಮಾಡಿಕೊಂಡು ದುಂಡು ಅಕ್ಷರದಲ್ಲಿ ಫಾರಂ ತುಂಬಿದರು. ಏನು ಮಾಡುತ್ತಿದ್ದಾಗ: ತೌಡಿನ ಭರಣಿ ಎತ್ತುತ್ತಿದ್ದಾಗ. ಗಾಯಕ್ಕೆ ಮೂಲ ಕಾರಣ: ಹೆಂಡತಿ ಐದು ದಿನ ಊರಲ್ಲಿರಲಿಲ್ಲ.

ನಗರಸಭೆಯವರು ಅದನ್ನು ಹಾಗೆಯೇ ಒಪ್ಪಿಕೊಂಡರು. ಮತ್ತೊಂದು ಪ್ರಶ್ನೆ ಬರಲಿಲ್ಲ.