ಒಂದೇ ಸಾರಿ ಅಂದ ಸಾರಿ

ಇಂಗ್ಲಿಷ್ ಭಾಷೆಯ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಅದು ಅದರ ಪಾಡಿಗೆ ಇತ್ತು. ನಾನು ನನ್ನ ಪಾಡಿಗೆ ಲಾಂಡ್ರಿಯ ಕೌಂಟರಿನಲ್ಲಿ ನಿಂತು, ಜನರ ಕೊಳೆ ಬಟ್ಟೆ ಎಣಿಸಿ, ಚೀಟಿ ಹರಿದು ಕೊಟ್ಟುಕೊಂಡು ಇದ್ದೆ. ನಮ್ಮಿಬ್ಬರಿಗೆ ನಂಟು ಹಾಕಿದವರು ಹೊಸ ಯಜಮಾನರು. ಗಿರಾಕಿಗಳ ಜೊತೆ ಇನ್ನು ಮೇಲೆ ಇಂಗ್ಲಿಷಿನಲ್ಲೇ ವ್ಯವಹರಿಸಬೇಕು, ಬಾರದವರು ಸಂಜೆ ಕ್ಲಾಸಿಗೆ ಸೇರಬೇಕು ಎಂದು ಅವರು ಅಪ್ಪಣೆ ಹೊರಡಿಸಿದರು. ಕಲೆ ಹೋಗದ ಅಂಗಿಯನ್ನು ಕನ್ನಡದಲ್ಲಿ ಹಿಂತಿರುಗಿಸಿದರೆ ಬೈಗುಳ ಬೀಳುತ್ತದೆ, ಇಂಗ್ಲಿಷಿನಲ್ಲಿ ಹಿಂತಿರುಗಿಸಿದರೆ ಗಿರಾಕಿಯೇ ಥ್ಯಾಂಕ್ಸ್ ಹೇಳಿ ಹೋಗುತ್ತಾನೆ ಎಂಬುದು ಅವರ ಸಿದ್ಧಾಂತ.

ಹೀಗೆ ಅರ್ಧ ತಲೆ ನರೆತ ಮೇಲೆ ನಾನು ಮತ್ತೆ ಬೆಂಚಿನ ಮೇಲೆ ಕೂತೆ. ಬೆಂಚು ಚಿಕ್ಕ ಮಕ್ಕಳ ಅಳತೆಯದು. ಮಂಡಿ ಬಂದು ಗಲ್ಲಕ್ಕೆ ತಾಗುತ್ತಿತ್ತು. ಪಾಠ ಹೇಳುವ ಮೇಡಂ ಒಂದು ಪದ ಹಿಡಿದರೆ ಅದರ ಸಿಪ್ಪೆ ಸುಲಿಯದೆ ಬಿಡುವವರಲ್ಲ. ಒಂದು ಸಂಜೆ ಅವರು ಬೋರ್ಡಿನ ಮೇಲೆ ದಪ್ಪಗೆ ಬರೆದ ಪದ, ಸಾರಿ.

ನನಗೆ ಒಳಗೊಳಗೇ ನಗು. ಒಂದು ಸಾರಿ, ಎರಡು ಸಾರಿ, ಸಾರಿ ಸಾರಿ ಹೇಳು ಎಂದು ಹುಟ್ಟಿದಾಗಿನಿಂದ ಬಳಸುತ್ತಿರುವ ಪದಕ್ಕೆ ಪಾಠವೇ? ಮೇಡಂ ಅದು ಬೇರೆ, ಇದು ಬೇರೆ ಎಂದರು. ಇನ್ನೊಬ್ಬರ ಕಾಲು ತುಳಿದರೆ ಸಾರಿ. ಹೇಳಿದ್ದು ಕೇಳಿಸದಿದ್ದರೆ, ದನಿಯ ಬಾಲವನ್ನು ಸ್ವಲ್ಪ ಮೇಲೆತ್ತಿ, ಸಾರಿ? ಕೇಳಿದ್ದನ್ನು ಕೊಡಲು ಮನಸ್ಸಿಲ್ಲದಿದ್ದರೂ ಸಾರಿ. ಕಂಡರೆ ಅಯ್ಯೋ ಅನ್ನಿಸುವ ಸ್ಥಿತಿಗೂ ಇದೇ ಪದ (ಇದಕ್ಕೆ ಉದಾಹರಣೆಯಾಗಿ ಅವರು ನನ್ನ ಅಂಗಿಯ ಕಾಲರನ್ನು ತೋರಿಸಿದರು, ಊರವರ ಕಾಲರ್ ಉಜ್ಜುವ ಅಂಗಡಿಯವನ ಗತಿ ಅಷ್ಟೆ). ಕೊನೆಗೆ, ಯಾರಾದರೂ ತೀರಿಕೊಂಡಾಗ ಮನೆಯವರ ಮುಂದೆ ನಿಂತು ಹೇಳುವುದೂ ಸಾರಿಯೇ ಎಂದರು.

ನಾನು ಎದ್ದು ನಿಂತೆ. "ಅವರು ಸತ್ತಿದ್ದಕ್ಕೆ ನಾವೇನು ಮಾಡಿದ್ವಿ ಮೇಡಂ, ಸಾರಿ ಕೇಳೋಕೆ?"

"ಕೇಳೋದಲ್ಲ, ಹೇಳೋದು. ಅಲ್ಲಿ ಅದು ಕ್ಷಮಾಪಣೆ ಅಲ್ಲ. ನನಗೂ ದುಃಖ ಆಗಿದೆ ಅಂತ ಅಷ್ಟೆ. ಅದರಲ್ಲಿ ಯಾರ ತಪ್ಪೂ ಇರಲ್ಲ."

ಯಾರ ತಪ್ಪೂ ಇರಲ್ಲ ಎಂಬ ಮಾತು ನನ್ನ ತಲೆಯೊಳಗೆ ಮೊಳೆ ಹೊಡೆದ ಹಾಗೆ ಕೂತಿತು. ಯಾಕೆಂದರೆ, ಆ ಪದವನ್ನು ಅನ್ನುವುದಿಲ್ಲ ಎಂದು ಹಟ ಹಿಡಿದು ನಾನು ವರ್ಷಗಟ್ಟಲೆ ಕಳೆದಿದ್ದೆ.

ಹಟಕ್ಕೆ ಕಾರಣ ಒಂದು ಕೋಟು. ನನ್ನಾಕೆಯ ಅಣ್ಣ, ಅಂದರೆ ನನ್ನ ಭಾವ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ನಿವೃತ್ತಿಯ ದಿನ ತೊಡಲು ತಮ್ಮ ಮದುವೆಯ ಕಾಲದ ಉಣ್ಣೆ ಕೋಟನ್ನು ಪೆಟ್ಟಿಗೆಯಿಂದ ತೆಗೆದು ನಮ್ಮ ಲಾಂಡ್ರಿಗೆ ಕೊಟ್ಟರು. ನಾನೇ ಎದುರು ನಿಂತು ಒಗೆಸಿ, ನಾನೇ ಇಸ್ತ್ರಿ ಮಾಡಿಸಿ ಒಯ್ದೆ. ಮನೆಮಂದಿಯ ಎದುರು ಅವರು ತೊಟ್ಟರು. ತೋಳು ಹೋಯಿತು, ಬೆನ್ನೂ ಹೇಗೋ ಹೋಯಿತು. ಗುಂಡಿಗೂ ಅದರ ತೂತಿಗೂ ನಡುವೆ ಮಾತ್ರ ಒಂದು ಗೇಣು ಹೊಟ್ಟೆ ಉಳಿಯಿತು. ಕೋಟನ್ನು ಕುಗ್ಗಿಸಿಬಿಟ್ಟಿರಿ ಎಂದು ಭಾವ ಮುಖ ಕೆಂಪಗೆ ಮಾಡಿಕೊಂಡರು. ನನ್ನ ನಾಲಗೆ ಸುಮ್ಮನಿರಬಾರದೇ? "ಕೋಟು ಕುಗ್ಗಿಲ್ಲ ಭಾವ, ನೀವು ಹಿಗ್ಗಿದೀರಿ" ಅಂದೆ.

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಅವರ ಹೆಂಡತಿ, ನಾವು ಅಕ್ಕ ಎಂದು ಕರೆಯುತ್ತಿದ್ದವರು, ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕುಬಿಟ್ಟರು. ಕಟ್ಟಿಕೊಂಡವಳೇ ನಕ್ಕ ಮೇಲೆ ಗಂಡಸು ಸೋದರಿಯ ಗಂಡನನ್ನು ಕ್ಷಮಿಸುವುದುಂಟೇ? ಭಾವ ಬೀಳ್ಕೊಡುಗೆಯ ಫೋಟೋದಲ್ಲಿ ಹೊಟ್ಟೆಗೆ ಅಡ್ಡವಾಗಿ ಫೈಲು ಹಿಡಿದು ನಿಂತರು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು.

ನನ್ನಾಕೆ ತವರಿಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಬಂದ ದಿನ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿದ್ದವು. "ಎಷ್ಟು ಸಾರಿ ಹೇಳಿದೀನಿ, ಒಂದೇ ಒಂದು ಸಾರಿ ಸಾರಿ ಅಂದುಬಿಡಿ ಅಂತ. ನಿಮ್ಮ ಗಂಟೇನು ಹೋಗುತ್ತೆ?" ಎನ್ನುತ್ತಿದ್ದಳು. ತಪ್ಪು ಮಾಡದವನು ಯಾಕೆ ಅನ್ನಬೇಕು ಎಂದು ನಾನು ಗೋಡೆ ನೋಡುತ್ತಿದ್ದೆ. ಅಕ್ಕನಿಗೆ ಕಾಯಿಲೆ ಎಂದು ಒಂದು ಸಲ ಬಂದು ಹೇಳಿದಳು. ಹೋಗಬೇಕು ಅಂದುಕೊಂಡೆ. ಕೋಟು ಅಡ್ಡ ಬಂತು.

ಆ ಪಾಠ ಆದ ಸ್ವಲ್ಪ ದಿನಕ್ಕೇ, ಬೆಡ್‌ಶೀಟಿನ ಮೂಟೆ ಬಿಚ್ಚುತ್ತಿರುವಾಗ ನನ್ನಾಕೆಯ ಫೋನು ಬಂತು. ಅಕ್ಕ ಹೋಗಿಬಿಟ್ಟರು ಎಂದಳು. ನೀವು ಬರ್ತೀರಾ ಎಂದು ಕೂಡ ಕೇಳಲಿಲ್ಲ. ಬೆಡ್‌ಶೀಟನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತೆ. ಆ ಮನೆಯಲ್ಲಿ ನನ್ನ ಜೋಕಿಗೆ ನಗುತ್ತಿದ್ದದ್ದು ಅವರೊಬ್ಬರೇ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಚಿಂತೆ. ಇಷ್ಟು ವರ್ಷ ಮಾತು ಬಿಟ್ಟವರ ಎದುರು ಈಗ ಏನೆಂದು ಬಾಯಿ ತೆರೆಯುವುದು? ಕನ್ನಡದಲ್ಲಿ ಯಾವ ಮಾತನ್ನು ಎತ್ತಿಕೊಂಡರೂ ಅದರ ಹಿಂದೆಯೇ ಕೋಟು ಎದ್ದು ಬರುತ್ತಿತ್ತು. ಆಗ ಮೇಡಂ ನೆನಪಾದರು. ದುಃಖವನ್ನು ಹೇಳಬೇಕು, ತಪ್ಪನ್ನು ಒಪ್ಪಬಾರದು. ಎರಡನ್ನೂ ಒಟ್ಟಿಗೆ ಮಾಡುವ ಪದ ಕೈಯಲ್ಲೇ ಇದೆ. ಅಂಥ ದಿನ ಪಡಬಾರದಷ್ಟು ಹೆಮ್ಮೆ ಪಟ್ಟೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಮನೆಯ ನಡುಕೋಣೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ನೆಂಟರು ಸಾಲಾಗಿ ತಲೆ ತಗ್ಗಿಸಿ ಕೂತಿದ್ದರು. ಭಾವ ಕಿಟಕಿಯ ಹತ್ತಿರ ಇದ್ದರು. ಮೊದಲು ನನಗೆ ಗುರುತೇ ಸಿಗಲಿಲ್ಲ. ಹೆಂಡತಿಯ ಕಾಯಿಲೆ ಅವರನ್ನೂ ಅರ್ಧ ತಿಂದುಹಾಕಿತ್ತು. ನಾನು ಹೋಗಿ ಎದುರು ನಿಂತು ಕೈ ಹಿಡಿದುಕೊಂಡೆ. ಬೇರೆ ಯಾವ ಮಾತೂ ನುಸುಳದಂತೆ ಎಚ್ಚರದಿಂದ, "ಸಾರಿ ಭಾವ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ನನ್ನನ್ನು ಬಾಚಿ ತಬ್ಬಿಕೊಂಡರು.

"ಇಷ್ಟು ದಿನ ಬೇಕಾಯ್ತೇನಪ್ಪ ಇದನ್ನ ಅನ್ನೋಕೆ? ಅವನು ಒಂದಲ್ಲ ಒಂದು ದಿನ ಬಂದು ಸಾರಿ ಅಂದೇ ಅಂತಾನೆ, ನೀವು ಸುಮ್ನಿರಿ ಅಂತ ಅವಳು ಹೇಳ್ತಾನೇ ಇದ್ಲು. ನಾನೇ ನಂಬಲಿಲ್ಲ. ಇರಲಿ ಬಿಡು. ಕೋಟಿಂದು ಏನು ದೊಡ್ಡದು. ಕ್ಷಮಿಸಿದೀನಿ."

ಕ್ಷಮೆಯ ಜೊತೆಗೆ ನನ್ನ ಬಹುವಚನವೂ ಹೋಯಿತು. ಅದುವರೆಗೆ ನೀವು ಆಗಿದ್ದವನು ಅಷ್ಟು ಜನರ ನಡುವೆ ನೀನು ಆದೆ. ಅದು ಆ ಸಾರಿ ಅಲ್ಲ ಭಾವ, ಇನ್ನೊಂದು ಸಾರಿ, ಎಂದು ಹೆಗಲ ಮೇಲೆ ತಲೆಯಿಟ್ಟು ಅಳುತ್ತಿರುವ ಮನುಷ್ಯನಿಗೆ ಪಾಠ ಹೇಳಲು ಸಾಧ್ಯವೇ? ಗೋಡೆಯ ಬದಿ ಕೂತಿದ್ದ ನನ್ನಾಕೆಯನ್ನು ನೋಡಿದೆ. ಅವಳ ಕಣ್ಣು ತುಂಬಿತ್ತು. ಅವಳು ನನ್ನನ್ನು ಹಾಗೆ ನೋಡಿ ಎಷ್ಟೋ ಕಾಲವಾಗಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಬಂದವರಿಗೆಲ್ಲ ಭಾವ ಮೊದಲು ಅಕ್ಕನ ಕಡೆಯ ದಿನಗಳನ್ನು ಹೇಳುತ್ತಿದ್ದರು. ಬಳಿಕ ಮೂಗು ಒರೆಸಿಕೊಂಡು ನನ್ನತ್ತ ಕೈ ಮಾಡಿ, ಇವನು ಬಂದು ತಪ್ಪು ಒಪ್ಪಿಕೊಂಡ, ದೊಡ್ಡ ಮನಸ್ಸು ಎನ್ನುತ್ತಿದ್ದರು. ಕೋಟಿನ ಸುದ್ದಿ ಗೊತ್ತಿಲ್ಲದ ದೂರದ ನೆಂಟರು, ನಾನೇನೋ ಘೋರ ಅಪರಾಧ ಮಾಡಿದವನೆಂಬಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಮುಂದಿನ ಕ್ಲಾಸಿನಲ್ಲಿ ನಾನು ಮೇಡಂ ಅವರನ್ನು ಕೇಳಿದೆ, ಒಂದು ಸಲ ಹೇಳಿದ ಸಾರಿಯನ್ನು ವಾಪಸ್ ತೆಗೆದುಕೊಳ್ಳಲು ಇಂಗ್ಲಿಷಿನಲ್ಲಿ ಏನನ್ನಬೇಕು ಎಂದು. ಅವರು ಬಹಳ ಹೊತ್ತು ಯೋಚಿಸಿ, ಅದಕ್ಕೂ ಸಾರಿ ಎಂದೇ ಅನ್ನಬೇಕಾಗುತ್ತದೆ ಎಂದರು.

ಮಕ್ಕಳಿಲ್ಲದ ಮನೆ. ಭಾವನಿಗೆ ಅಲ್ಲಿ ಒಬ್ಬರೇ ಇರಲು ಆಗಲಿಲ್ಲ. ಒಂದು ಭಾನುವಾರ ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಬೇರೆಯವರ ಮನೆಯಾಗಿದ್ದರೆ ಸಂಕೋಚ ಆಗುತ್ತಿತ್ತು, ಇವನು ತಪ್ಪು ಒಪ್ಪಿಕೊಂಡವನು, ಇವನ ಹತ್ತಿರ ಏನು ಎಂದು ತಂಗಿಗೆ ಹೇಳಿದರು. ಚಳಿಗೆಂದು ಕೋಟು ತೊಟ್ಟಿದ್ದರು. ಅದೇ ಕೋಟು. ಎಲ್ಲ ಗುಂಡಿ ಹಾಕಿದ್ದರೂ ಒಳಗೆ ಒಂದು ದಿಂಬು ತುರುಕುವಷ್ಟು ಜಾಗ ಉಳಿದಿತ್ತು. ಕೋಟು ಕುಗ್ಗಿರಲೇ ಇಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಇಷ್ಟು ವರ್ಷ ಕಾದಿದ್ದ ಗೆಲುವು ಹೊಸ್ತಿಲಲ್ಲಿ ಸಡಿಲವಾಗಿ ನೇತಾಡುತ್ತಿತ್ತು. ನನ್ನಾಕೆ ಕೋಟನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಸೂಟ್‌ಕೇಸ್ ಇಸಿದುಕೊಂಡು, ಒಳಗೆ ಬನ್ನಿ ಭಾವ ಅಂದೆ.

ಈಗ ಮುಂದಿನ ಕೋಣೆ ಅವರದು. ನನ್ನ ಕುರ್ಚಿ, ಪತ್ರಿಕೆಯ ಮೊದಲ ಓದು, ಫ್ಯಾನಿನ ಗಾಳಿ ಎಲ್ಲವೂ ಅವರದೇ. ಬಂದ ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅವರು ಟೀ ಮಾಡಿ ಎರಡು ಲೋಟಕ್ಕೆ ಬಗ್ಗಿಸಿದ್ದರು. ಒಂದು ಲೋಟವನ್ನು ಕೈಗೆತ್ತಿಕೊಂಡು, ಕೊಡಬೇಕಾದವರು ಇಲ್ಲವೆಂಬುದು ಆಗ ನೆನಪಾಗಿ, ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದರು.

"ನನಗೆ ತಾನೆ ಭಾವ?" ಎಂದು ನಾನು ಆ ಲೋಟವನ್ನು ತೆಗೆದುಕೊಂಡೆ.

ಅವರು ಸ್ವಲ್ಪ ತಡೆದು ಹೌದು ಎಂದರು. ಒಂದು ಗುಟುಕು ಕುಡಿದೆ. ಅಕ್ಕನ ಅಳತೆಯ ಟೀ. ಒಂದು ಚೂರೂ ಸಕ್ಕರೆ ಇಲ್ಲ. ನಾನೋ ಪಾಯಸದ ಹಾಗೆ ಇರದಿದ್ದರೆ ಟೀಯನ್ನು ಮುಟ್ಟುವವನೇ ಅಲ್ಲ. ಹೇಗಿದೆ ಎಂದು ಕೇಳಿದರು. ಇದೇ ನನಗೆ ಸರಿ ಎಂದೆ.

ಅಂದಿನಿಂದ ಪ್ರತಿ ಬೆಳಿಗ್ಗೆ ಅವರೇ ಎದ್ದು, ನನಗೆಂದೇ ಸಕ್ಕರೆ ಇಲ್ಲದ ಟೀ ಮಾಡಿ, ಕುಡಿದು ಮುಗಿಸುವ ತನಕ ಎದುರು ಕೂತಿರುತ್ತಾರೆ.